ಕ್ಯಾಸೆಟ್ಟಿನ ಕೊನೆಯ ಏಳು ನಿಮಿಷ

ರಾಜಶೇಖರನ ಅಂಗಡಿಯಲ್ಲಿ ಬೆಳಗಿನ ಕೆಲಸವೆಂದರೆ ಸುಟ್ಟ ಮೋಟಾರು ಬಿಚ್ಚುವುದು. ಅರಸೀಕೆರೆ ಸುತ್ತಿನ ತೋಟಗಳ ಪಂಪುಸೆಟ್ಟುಗಳು ವೋಲ್ಟೇಜು ಏರಿಳಿದು ಸುಟ್ಟುಕೊಂಡರೆ ಅವನ ಬಾಗಿಲಿಗೇ ಬರುತ್ತವೆ. ಹಳೇ ತಾಮ್ರದ ತಂತಿ ಕಿತ್ತು ಹೊಸದನ್ನು ಎಣಿಸಿ ಎಣಿಸಿ ಸುತ್ತಬೇಕು. ನಡುವೆ ಯಾರಾದರೂ ಮಾತಾಡಿಸಿದರೆ ಎಣಿಕೆ ತಪ್ಪುತ್ತದೆ. ಅದಕ್ಕೇ ಫೋನನ್ನು ಮಗುಚಿಹಾಕಿ ಕೂರುವುದು ಅವನ ರೂಢಿ. ಆ ಗುರುವಾರ ಮಗುಚಿಹಾಕಿದ ಫೋನು ಬೆಂಚಿನ ಮೇಲೆ ಒಂದೇ ಸಮನೆ ಗುಂಯ್‌ಗುಟ್ಟಿ, ನಡುಗುತ್ತ ನಡುಗುತ್ತ ಅಂಚಿಗೆ ಬಂದು ನಿಂತಿತ್ತು. ಬೀಳುವ ಮುಂಚೆ ಕೈಗೆತ್ತಿಕೊಂಡ.

‘ಹಾರನಹಳ್ಳಿ ಕುಸ್ತಿ ಸಂಘ’ದ ಗದ್ದಲ. ಹನ್ನೊಂದು ಜನರ ವಾಟ್ಸಾಪ್ ಗುಂಪು ಅದು. ಎಲ್ಲರೂ ನಲವತ್ತು ದಾಟಿದವರು, ಹಾರನಹಳ್ಳಿಯಲ್ಲಿ ಒಟ್ಟಿಗೆ ಓದಿದವರು. ಒಬ್ಬ ಬಸ್ ಕಂಡಕ್ಟರ್, ಒಬ್ಬ ವಕೀಲ, ಇಬ್ಬರು ಮೇಷ್ಟ್ರುಗಳು. ಆದರೆ ಆ ಗುಂಪಿನೊಳಗೆ ಕಾಲಿಟ್ಟ ತಕ್ಷಣ ಎಲ್ಲರಿಗೂ ಹದಿನಾಲ್ಕೇ ವರ್ಷ. ತೊಂಬತ್ತರ ದಶಕದಲ್ಲಿ ಕೇಬಲ್ಲಿನಲ್ಲಿ ಬರುತ್ತಿದ್ದ ಅಮೆರಿಕದ ಕುಸ್ತಿ ಬಿಟ್ಟು ಬೇರೆ ಮಾತು ಅಲ್ಲಿ ನಡೆಯುವುದಿಲ್ಲ. ಇಂಗ್ಲಿಷ್ ಹೆಸರುಗಳು ನಾಲಿಗೆಯಲ್ಲಿ ಹೊರಳದೆ ಆ ಜಟ್ಟಿಗಳಿಗೆಲ್ಲ ಆಗ ಇವರೇ ಹೆಸರಿಟ್ಟಿದ್ದರು. ಕರೀ ಕೋಟು ಹಾಕಿಕೊಂಡು ಸತ್ತವನಂತೆ ಬಿದ್ದು ಮತ್ತೆ ಎದ್ದು ಕೂರುವವನು ಹೆಣದಣ್ಣ. ಇನ್ನೂರು ಕೆಜಿಯ ಡೊಳ್ಳಿನವನು ಹಿಟ್ಟಿನ ಮಡಕೆ.

“ಲೋ, ಹೆಣದಣ್ಣಂಗೂ ಹಿಟ್ಟಿನ ಮಡಕೆಗೂ ಬಿದ್ರೆ ಯಾರ್ಲಾ ಗೆಲ್ಲೋದು?”

“ಹೆಣದಣ್ಣನೇ. ಸತ್ತಿರೋನ್ನ ಇನ್ನೇನ್ ಸಾಯ್ಸಕಾಯ್ತದೆ?”

“ಎಲ್ಲಾ ನಾಟ್ಕ ಕಣ್ರಲಾ. ಯಾರ್ ಗೆಲ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಿದ್ರಂತೆ.”

“ನಾಟ್ಕ ಅಂದೋನ್ ಬಾಯಿಗೆ ಮಟ್ಟೆ ತುರುಕ್ತೀನಿ. ನಮ್ಮಜ್ಜಿ ಅರಿಶಿನ ಇಟ್ಕೊಂಡು ಟೀವಿ ಮುಂದೆ ಕೂತಿರೋಳು, ಯಾರಿಗಾದ್ರೂ ಗಾಯ ಆದ್ರೆ ಹಚ್ಚಣ ಅಂತ.”

ರಾಜಶೇಖರ ನಗುತ್ತಲೇ ಬೆರಳು ಜಾರಿಸುತ್ತ ಕೆಳಗಿಳಿದ. ಕೊನೆಯಲ್ಲಿ ಚೇತನ್‌ಕುಮಾರನ ಧ್ವನಿ ಇತ್ತು. ಹಳೇಬೀಡಿನಲ್ಲಿ ಸ್ಟುಡಿಯೋ ಇಟ್ಟುಕೊಂಡಿರುವ ಅವನೇ ಗುಂಪಿನ ಯಜಮಾನ. ಒತ್ತಿದ.

“ಕೇಳ್ರಪ್ಪೋ ಕೇಳ್ರಿ! ನಮ್ ಚಿಕ್ಕಪ್ಪನ ಹಳೇ ಪೆಟ್ಟಿಗೇಲಿ ಸಿಕ್ಕೇಬಿಡ್ತು. ಉಮೇಶನ ಅತ್ತೆ ಮದ್ವೆ ಕ್ಯಾಸೆಟ್ಟು, ತೊಂಬತ್ತೇಳ್ನೇ ಇಸ್ವಿ. ಕೊನೇಲಿ ಏಳು ನಿಮಿಷ ಏನೈತೆ ಅಂತ ನೆನಪೈತಾ? ಅಟ್ಟದ ಮಹಾಯುದ್ಧ! ಕ್ಲೀನ್ ಮಾಡ್ತಾ ಇದ್ದೀನಿ. ಭಾನುವಾರ ಸಂಜೆ ಐದಕ್ಕೆ ಎಲ್ಲಾರ್ಗೂ ಇಲ್ಲೇ ಹಾಕ್ತೀನಿ.”

ಅದರ ಕೆಳಗೆ ಎಂಟು ಜನ ಚಪ್ಪಾಳೆ ತಟ್ಟಿದ್ದರು. ತಟ್ಟದೆ ಉಳಿದವರು ಇಬ್ಬರು, ರಾಜಶೇಖರ ಮತ್ತು ಉಮೇಶ.

ಸುತ್ತಿದ್ದು ಎಷ್ಟನೇ ಸುತ್ತು ಎಂಬುದು ಮರೆತೇ ಹೋಗಿತ್ತು. ಎದ್ದು ನೀರು ಕುಡಿದ. ಅಷ್ಟರಲ್ಲಿ ಹೆಂಡತಿ ಶಿಲ್ಪಾಳ ಫೋನು ಬಂತು. ಉಮೇಶನ ತಂಗಿ ಅವಳು.

“ರೀ, ಚೇತನಣ್ಣ ಫೋನ್ ಮಾಡಿದ್ರು. ಅತ್ತೆ ಮದ್ವೆ ಕ್ಯಾಸೆಟ್ ಸಿಕ್ಕಿದ್ಯಂತೆ! ಅಮ್ಮ ಇದ್ದಾಳಂತೆ ಕಣ್ರೀ, ತುಂಬಾ ಕಡೆ ಇದ್ದಾಳಂತೆ, ಓಡಾಡ್ತಾಳಂತೆ. ಭಾನುವಾರ ಹಾರನಹಳ್ಳಿಗೆ ಹೋಗಿ ಅಪ್ಪನ ಜೊತೆ ಕೂತು ನೋಡಣ. ನೀವು ನಾಳೆ ಹಳೇಬೀಡಿಗೆ ಹೋಗಿ ಪೆನ್‌ಡ್ರೈವ್‌ನಲ್ಲಿ ಹಾಕಿಸ್ಕೊಂಡು ಬನ್ನಿ. ಪೂರ್ತಿ ಹಾಕಿಸ್ಕೊಳ್ಳಿ, ಒಂದ್ ನಿಮಿಷಾನೂ ಬಿಡ್ಬೇಡಿ.”

ಅವಳ ತಾಯಿ ರುದ್ರಮ್ಮ ಹೋಗಿ ಆರು ವರ್ಷ. ಉಳಿದಿದ್ದು ಗೋಡೆಯ ಮೇಲಿನ ಒಂದು ಫೋಟೊ. ಅದೂ ಆಧಾರ್ ಕಾರ್ಡಿನಿಂದ ದೊಡ್ಡದು ಮಾಡಿಸಿದ್ದು, ಕಣ್ಣು ಬಿಟ್ಟು ಹೆದರಿ ನಿಂತಂತೆ ಕಾಣುವುದು.

“ಆಗ್ಲಿ” ಎಂದ ರಾಜಶೇಖರ.

*

ತೆಂಗಿನ ಸೀಮೆಯ ಮನೆಗಳಲ್ಲಿ ಕೊಬ್ಬರಿಗೆಂದೇ ಒಂದು ಅಟ್ಟ ಇರುತ್ತದೆ. ಬಲಿತ ಕಾಯಿಯನ್ನು ಅದರ ಮೇಲೆ ಹರವಿದರೆ ಹತ್ತು ಹನ್ನೊಂದು ತಿಂಗಳು ಅಲ್ಲಿಯೇ. ಒಳಗಿನ ನೀರು ತಾನಾಗಿ ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಉಂಡೆಯಾಗುವ ತನಕ ಯಾರೂ ಅವಸರ ಮಾಡುವ ಹಾಗಿಲ್ಲ. ಇಲಿ ಬಿದ್ದಿದೆಯೇ, ಕಾಯಿ ಒಡೆದಿದೆಯೇ ಎಂದು ಆಗಾಗ ಹತ್ತಿ ನೋಡುವುದಷ್ಟೇ ಕೆಲಸ. ಹಾರನಹಳ್ಳಿಯಲ್ಲಿ ಉಮೇಶನ ಅಪ್ಪ ಷಡಕ್ಷರಪ್ಪನವರ ಹಿತ್ತಿಲ ಕೊಟ್ಟಿಗೆಯಲ್ಲಿ ಅಂಥದೊಂದು ಅಟ್ಟವಿತ್ತು. ಅದರ ಕೆಳಗೆ ಸುಲಿದ ಮಟ್ಟೆಯ ರಾಶಿ.

ಹುಡುಗರು ಆ ರಾಶಿಯನ್ನು ಹರವಿ, ಮೇಲೆ ಗೋಣಿ ಹಾಸಿ, ನಾಲ್ಕು ಕಂಬಕ್ಕೆ ಮೂರು ಸುತ್ತು ತೆಂಗಿನ ಹಗ್ಗ ಬಿಗಿದು ಅಖಾಡ ಮಾಡಿಕೊಂಡಿದ್ದರು. ಷಡಕ್ಷರಪ್ಪನವರಿಗೆ ಈ ಹುಚ್ಚು ಕಂಡರಾಗದು. ರಾಜಶೇಖರನ ಮನೆಯ ಟೀವಿ ಮುಂದೆ ಮಗ ಕೂತಿದ್ದ ಎಂದು ಗೊತ್ತಾದರೆ ಚರ್ಮ ಸುಲಿಯುತ್ತಿದ್ದರು. ಅವರ ತಂಗಿಯ, ಅಂದರೆ ಉಮೇಶನ ಅತ್ತೆಯ ಮದುವೆ ಮುಗಿದ ಮಾರನೇ ದಿನ ಹಿರಿಯರೆಲ್ಲ ದಣಿದು ಮಲಗಿದ್ದರು. ಅಜ್ಜಿಮನೆಯಲ್ಲಿದ್ದುಕೊಂಡು ಓದುತ್ತಿದ್ದ ಚೇತನ, ಮದುವೆಗೆ ವಿಡಿಯೋ ತೆಗೆಯಲು ಬಂದು ಅಲ್ಲೇ ಮಲಗಿದ್ದ ತನ್ನ ಚಿಕ್ಕಪ್ಪನ ಕ್ಯಾಮೆರಾ ಎತ್ತಿಕೊಂಡು ಬಂದ. ಟೇಪು ಇನ್ನೂ ಒಂದಿಷ್ಟು ಉಳಿದಿತ್ತು. ಮಾತಾಡಿಕೊಂಡಿದ್ದು ಇಷ್ಟು: ರಾಜಶೇಖರ ಅಟ್ಟದಿಂದ ಜಿಗಿಯುವುದು, ಕೆಳಗೆ ಬಿದ್ದುಕೊಂಡಿರುವ ಉಮೇಶ ಕೊನೇ ಗಳಿಗೆಯಲ್ಲಿ ಪಕ್ಕಕ್ಕೆ ಉರುಳುವುದು. ಉಮೇಶ ಉರುಳಲಿಲ್ಲ. ರಾಜಶೇಖರನ ಎರಡೂ ಮಂಡಿ ಅವನ ಎಡ ಭುಜದ ಮೇಲೆ ಬಿದ್ದವು.

ಷಡಕ್ಷರಪ್ಪ ಅವತ್ತು ಬೆಳಿಗ್ಗೆ ಮಗನಿಗೆ ಹೇಳಿದ್ದರು, “ಅಟ್ಟ ಹತ್ತಿ ಇಲಿ ಬಿದ್ದವೇನೋ ನೋಡ್ಲಾ” ಎಂದು. ಅಟ್ಟದ ಒಂದು ಹಲಗೆ ಸಡಿಲವಾಗಿದ್ದೂ ಅವರಿಗೆ ಗೊತ್ತಿತ್ತು. ಮದುವೆ ಗಲಾಟೆಯಲ್ಲಿ ಮೊಳೆ ಹೊಡೆಸಿರಲಿಲ್ಲ. ಆದ್ದರಿಂದ “ಇಲಿ ನೋಡಕ್ಕೆ ಹತ್ತಿದ್ದ, ಹಲಗೆ ಜಾರಿ ಬಿದ್ದ” ಎಂದು ರಾಜಶೇಖರ ಅಳುತ್ತ ಹೇಳಿದಾಗ ಅವರು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಅವತ್ತೇ ಆ ಹಲಗೆ ಕಿತ್ತು ಬಚ್ಚಲ ಒಲೆಗೆ ಹಾಕಿದರು. ಉಮೇಶನೂ ನೋವಿನಲ್ಲಿ ಹೂಂ ಎಂದಿದ್ದ. ನಿಜ ಹೇಳಿದರೆ ಇನ್ನೊಂದು ಕೈಯೂ ಉಳಿಯದೆಂಬ ಹೆದರಿಕೆ. ಮೂಳೆ ಕೂಡಿಕೊಂಡಿತು, ಕೈ ಮಾತ್ರ ಭುಜಕ್ಕಿಂತ ಮೇಲೆ ಏಳಲಿಲ್ಲ. ಮುಂದೆ ಪೊಲೀಸ್ ಕೆಲಸಕ್ಕೆ ಓಟದಲ್ಲಿ ಮೊದಲು ಬಂದರೂ ಆ ಕೈ ನೋಡಿ ವಾಪಸು ಕಳಿಸಿದರು. ಈಗ ಊರ ಹಾಲಿನ ಡೈರಿಯಲ್ಲಿ ಕಾರ್ಯದರ್ಶಿ.

ಇಪ್ಪತ್ತೆಂಟು ವರ್ಷದಿಂದ ಷಡಕ್ಷರಪ್ಪ ಆ ಅಟ್ಟಕ್ಕೆ ಇನ್ನೊಬ್ಬರನ್ನು ಹತ್ತಿಸಿಲ್ಲ. ಎಪ್ಪತ್ತಾರರ ವಯಸ್ಸಿನಲ್ಲಿ, ಊದಿದ ಮಂಡಿ ಇಟ್ಟುಕೊಂಡು, ತಾವೇ ಹತ್ತುತ್ತಾರೆ. ಆಳು ಹತ್ತುತ್ತೇನೆಂದರೂ ಬಿಡರು. ಹದಿನಾಲ್ಕು ವರ್ಷದ ಹಿಂದೆ ಅವರ ಮಗಳನ್ನು ಮದುವೆಯಾದ ಮೇಲಾದರೂ ಹೇಳಬೇಕೆಂದು ರಾಜಶೇಖರ ಎಷ್ಟೋ ಸಲ ಬಾಯಿಯ ತನಕ ತಂದದ್ದುಂಟು. ಮೊದಲ ಹಬ್ಬಕ್ಕೆ ಹೇಳುವುದೇ? ಹಬ್ಬ ಕೆಡುತ್ತದೆ. ರುದ್ರಮ್ಮನಿಗೆ ಹುಷಾರಿಲ್ಲದಾಗ ಹೇಳುವುದೇ? ಹೀಗೆ ಒಂದೊಂದು ವರ್ಷವೂ ಅದರ ಮೇಲೆ ಒಂದೊಂದು ಕಲ್ಲು ಹೇರಿತು.

*

ಶುಕ್ರವಾರ ಅಂಗಡಿಗೆ ಬೀಗ ಹಾಕಿ ಬೈಕಿನಲ್ಲಿ ಹೊರಟ. ಜಾವಗಲ್ಲಿನಲ್ಲಿ ಚಹಾಕ್ಕೆ ನಿಂತವನು ಲೋಟ ಅರ್ಧಕ್ಕೇ ಬಿಟ್ಟು ಗಾಡಿ ಹತ್ತಿದ.

ಚೇತನ್‌ಕುಮಾರ ಪ್ರವಾಸಿಗಳ ಗುಂಪೊಂದರ ಫೋಟೊಗಳನ್ನು ಲಕೋಟೆಗೆ ತುಂಬುತ್ತಿದ್ದ. ಹೊಟ್ಟೆ ಬಂದಿತ್ತು, ತಲೆ ಬೋಳಾಗಿತ್ತು. ರಾಜಶೇಖರನನ್ನು ನೋಡಿದವನೇ ಎರಡೂ ತೋಳು ಮಡಿಸಿ ಜಟ್ಟಿಯಂತೆ ನಿಂತ.

“ಬಂದನಪ್ಪಾ, ಅಟ್ಟದ ಹುಲಿ! ಎದೆ ಅಳತೆ ಐವತ್ತೆಂಟಿಂಚು, ಆಡಿದ್ದು ಒಂದ್ ಕುಸ್ತಿ, ಗೆದ್ದಿದ್ದು ಒಂದು! ಆ ಜಟ್ಟಿಗಳ ಫೋಟೊ, ಅಳತೆ ಎಲ್ಲಾ ಇರ್ತಿದ್ದ ಟ್ರಂಪ್ ಕಾರ್ಡ್ ನೆನಪೈತೇನ್ಲಾ? ಇಪ್ಪತ್ತಾರು ಇದ್ವು ನನ್ ಹತ್ರ. ನಮ್ಮವ್ವ ಒಲೆಗೆ ಹಾಕುದ್ಲು, ಪರೀಕ್ಷೆ ಹಿಂದಿನ್ ದಿನ.”

“ಚೇತ, ಆ ಕೊನೇ ಏಳು ನಿಮಿಷ ತೆಗ್ದುಬಿಡು.”

“ತೆಗ್ದೇ ಇದ್ದೀನಲ್ಲ, ನೋಡು ಬಾ, ಏನ್ ಬೆಳಕು, ಏನ್ ಬೆಳಕು...”

“ತೆಗೆಯೋದಂದ್ರೆ ಕತ್ತರ್ಸಾಕೋದು ಕಣೋ. ಗುಂಪಿಗೂ ಹಾಕ್ಬೇಡ. ಪೆನ್‌ಡ್ರೈವ್‌ಗೂ ಬೇಡ. ಬರೀ ಮದ್ವೆ ಕೊಡು.”

ಚೇತನ ಲಕೋಟೆ ಕೆಳಗಿಟ್ಟ. ಗೆಳೆಯನ ಮುಖ ನೋಡಿದ.

“ಅಂದ್ರೆ... ಇವತ್ತಿಗೂ ಷಡಕ್ಷರಪ್ಪೋರಿಗೆ ಗೊತ್ತಿಲ್ವಾ?”

ರಾಜಶೇಖರ ಮೇಜಿನ ಮೇಲಿನ ಲಕೋಟೆಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದ.

“ಥೂ ನಿನ್ನ! ಅವ್ರ ಮಗಳ್ನೇ ಕಟ್ಕೊಂಡಿದ್ದೀಯಲ್ಲೋ! ನಾನು, ಸಂಬಂಧಾನೇ ಬೆಳ್ದೈತೆ, ಇದೆಲ್ಲ ಎಂದೋ ನಕ್ಕು ಮುಗ್ಸವ್ರೆ ಅನ್ಕೊಂಡಿದ್ದೆ.”

“ನಗೋ ವಿಷ್ಯ ಅಲ್ಲ ಅದು.”

“ಅಲ್ಲ, ನಂಗೂ ಗೊತ್ತು. ನಾನೇ ಅಲ್ವಾ ಕ್ಯಾಮೆರಾ ಹಿಡ್ದಿದ್ದು.” ಚೇತನ ದನಿ ತಗ್ಗಿಸಿದ. “ನೀನೊಂದ್ಸಲ ನೋಡ್ಲಾ ಅದನ್ನ. ನೋಡ್ಬುಟ್ಟು ಆಮೇಲೆ ಹೇಳು.”

“ಬೇಡ.”

ಚೇತನ ಕಂಪ್ಯೂಟರಿನ ಮುಂದೆ ಕೂತ. ಗಟ್ಟಿಮೇಳ, ಧಾರೆ, ಊಟದ ಪಂಕ್ತಿ ಎಲ್ಲ ಸರಸರನೆ ಓಡಿದವು. ಪರದೆಯ ಮೇಲೆ ಕೊಟ್ಟಿಗೆಯ ಕತ್ತಲೆ ಮೂಡುವ ಹೊತ್ತಿಗೆ ರಾಜಶೇಖರ ಬಾಗಿಲಿಗೆ ಹೋಗಿ ಬೀದಿ ನೋಡುತ್ತ ನಿಂತ. ಬಸ್ಸೊಂದು ಹಿಂದಕ್ಕೆ ತಿರುಗುತ್ತಿತ್ತು. ಹಿಂದಿನಿಂದ ಹುಡುಗರ ಕೇಕೆ ಕೇಳಿಸಿತು, ಅದರಲ್ಲಿ ತನ್ನದೂ ಒಂದು ಒಡಕು ದನಿ. ಆಮೇಲೆ ಮೌಸಿನ ಗುಂಡಿ ಒತ್ತಿದ ಸದ್ದು, ಮೌನ.

“ತಗೋ” ಎಂದ ಚೇತನ ಪೆನ್‌ಡ್ರೈವ್ ಚಾಚಿ. “ಗುಂಪಲ್ಲಿ ಟೇಪು ಕೊಳ್ತೋಗಿತ್ತು ಅಂತ ಹೇಳ್ತೀನಿ. ಆದ್ರೆ ನನ್ ಹತ್ರ ಇರೋದನ್ನ ನಾನು ಅಳಿಸಲ್ಲ ಕಣೋ. ಅಷ್ಟೇ ಉಳ್ದಿರೋದು ನಮ್ದು ಅಂತ.”

*

ಭಾನುವಾರ ಹಾರನಹಳ್ಳಿ ಮುಟ್ಟಿದಾಗ ಹತ್ತು ಗಂಟೆ. ಮನೆಯಲ್ಲಿ ಉಮೇಶನ ಹೆಂಡತಿ ಭಾಗ್ಯ ಒಬ್ಬಳೇ ಒಲೆಯ ಮುಂದಿದ್ದಳು. ಅಪ್ಪನನ್ನು ಹುಡುಕಿ ನೇರ ಹಿತ್ತಿಲಿಗೆ ಹೋದ ಶಿಲ್ಪಾ ಅಲ್ಲಿಂದ ಕೂಗುವುದು ಕೇಳಿಸಿತು.

“ಅಪ್ಪಾ, ಇಳೀರಿ ಕೆಳಗೆ! ಆ ಕಾಲಲ್ಲಿ ಏನ್ ಸರ್ಕಸ್ಸು ನಿಮ್ದು?”

ಅಟ್ಟದ ಮೇಲೆ ಷಡಕ್ಷರಪ್ಪ ಕಾಯಿಗಳ ನಡುವೆ ಕುಕ್ಕುರುಗಾಲಲ್ಲಿ ಕೂತು ಒಂದೊಂದನ್ನೇ ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಿದ್ದರು. ಹಣೆಯ ವಿಭೂತಿ ಬೆವರಿಗೆ ಕರಗಿತ್ತು. “ಬಂದೆ ಕಣಮ್ಮ. ಅಳಿಯಂದ್ರೂ ಬಂದ್ರಾ? ಕೂತ್ಕಳಿ, ಕೂತ್ಕಳಿ.” ಏಣಿಯ ಮೆಟ್ಟಿಲು ಹುಡುಕುತ್ತ ಅವರ ಪಾದ ಗಾಳಿಯಲ್ಲಿ ತಡವರಿಸಿತು. ರಾಜಶೇಖರ ಓಡಿ ಹೋಗಿ ಏಣಿ ಹಿಡಿದ. ಎದುರು ಬದಿಯಲ್ಲಿ ಉಮೇಶನೂ ಬಲಗೈಯಲ್ಲಿ ಹಿಡಿದು ನಿಂತಿದ್ದ. ಏಣಿಯ ಸಂದಿನಿಂದ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು.

“ತೆಗ್ಸಿದ್ಯಾ?” ಉಮೇಶ ತುಟಿಯಲ್ಲೇ ಕೇಳಿದ.

ರಾಜಶೇಖರ ಹೂಂ ಎಂದು ತಲೆ ಆಡಿಸಿದ.

“ಒಳ್ಳೇದಾಯ್ತು ಬಿಡ್ಲಾ. ಇನ್ಯಾಕೆ ಕೆದಕೋದು.” ಆದರೆ ಉಮೇಶನ ಮುಖದಲ್ಲಿ ನೆಮ್ಮದಿ ಇರಲಿಲ್ಲ.

ಟೀವಿಯ ಮುಂದೆ ಷಡಕ್ಷರಪ್ಪ ಕುರ್ಚಿಯಲ್ಲಿ, ಮಗಳು ಅವರ ಕಾಲ ಬಳಿ, ಉಮೇಶ ಬಾಗಿಲಿಗೆ ಒರಗಿ. ಭಾಗ್ಯ ಸೌಟು ಹಿಡಿದೇ ಬಂದು ನಿಂತಳು. ಚಪ್ಪರ ಕಂಡಿತು, ವಾಲಗ ಕೇಳಿತು. ಆಮೇಲೆ, ಹಸಿರು ಸೀರೆ ಉಟ್ಟ ರುದ್ರಮ್ಮ ತಟ್ಟೆಯಲ್ಲಿ ಎಲೆ ಅಡಿಕೆ ಹಿಡಿದು ಯಾರನ್ನೋ ಗದರುತ್ತ ಪರದೆಯ ಎಡದಿಂದ ಬಲಕ್ಕೆ ಹಾದುಹೋದರು. ಶಿಲ್ಪಾ ಸೆರಗನ್ನು ಬಾಯಿಗೆ ಒತ್ತಿಕೊಂಡಳು.

“ನೋಡು, ಯಾರಿಗೋ ಬಯ್ಯಾಕ್ ಹತ್ತವಳೆ” ಎಂದರು ಷಡಕ್ಷರಪ್ಪ, ನಗುತ್ತ. ಕಣ್ಣಲ್ಲಿ ನೀರಿತ್ತು. ರಾಜಶೇಖರನಿಗೂ ಎದೆ ಹಗುರಾಗತೊಡಗಿತು. ಇನ್ನರ್ಧ ಗಂಟೆ, ಆಮೇಲೆ ಊಟ, ಆಮೇಲೆ ಮನೆ.

ಪಂಕ್ತಿಯ ಊಟ ಬಂತು. ಹದಿನಾಲ್ಕರ ಹುಡುಗ ಉಮೇಶ ಬಿಳೀ ಬನಿಯನ್ನಿನಲ್ಲಿ ಅನ್ನದ ಮಂಕರಿಯನ್ನು ಎರಡೂ ಕೈಯಲ್ಲಿ ತಲೆಯ ಮೇಲಕ್ಕೆತ್ತಿ, ಕೂತವರ ನಡುವೆ ದಾರಿ ಮಾಡಿಕೊಂಡು ಬರುತ್ತಿದ್ದ.

“ನಿಲ್ಸಿ” ಎಂದರು ಷಡಕ್ಷರಪ್ಪ.

ರಾಜಶೇಖರ ರಿಮೋಟು ಒತ್ತಿದ. ಹುಡುಗ ಕೈ ಎತ್ತಿದಂತೆಯೇ ನಿಂತ. ಮುದುಕರು ಕುರ್ಚಿಯಿಂದ ಎದ್ದು, ಟೀವಿಯ ಹತ್ತಿರ ಹೋಗಿ, ಆ ಎಡಗೈಯನ್ನು ಬೆರಳಿಂದ ಮುಟ್ಟಿದರು.

“ಎರಡೂ ಎತ್ತವ್ನೆ ನೋಡು. ಮಾರನೇ ದಿನಕ್ಕೆ ಕಳ್ದೆ ನಾನು. ಎರಡ್ ಮೊಳೆ. ಎರಡೇ ಎರಡ್ ಮೊಳೆ ಹೊಡ್ಸಿದ್ರೆ ಆಗ್ತಿತ್ತು.” ಅವರು ಯಾರಿಗೂ ಹೇಳುತ್ತಿರಲಿಲ್ಲ. “ಇವಳು ಸಾಯೋ ಹಿಂದಿನ್ ದಿನಾನೂ ಅಂದ್ಳು. ‘ನನ್ ಮಗನ ಕೈ ತಿಂದ್ಬುಟ್ರಿ’ ಅಂತ. ಸರಿಯಾಗೇ ಅಂದ್ಳು.”

ರಾಜಶೇಖರನಿಗೆ ಆ ದಿನ ಗೊತ್ತಿತ್ತು. ರುದ್ರಮ್ಮ ಹಾಗೆ ಅಂದಾಗ ಅವನು ಆ ಕೋಣೆಯಲ್ಲೇ, ಮಾತ್ರೆಯ ಪೊಟ್ಟಣ ಹಿಡಿದು ನಿಂತಿದ್ದ. ಅಂದೂ ಸುಮ್ಮನಿದ್ದ.

“ಮಾವ” ಎಂದ. “ಹಲಗೆ ಜಾರ್ಲಿಲ್ಲ.”

“ಏನಂದ್ರಿ?”

“ಹಲಗೆ ಜಾರ್ಲಿಲ್ಲ ಮಾವ. ಉಮೇಶ ಅಟ್ಟ ಹತ್ತೇ ಇರ್ಲಿಲ್ಲ. ಹತ್ತಿದ್ದೋನು ನಾನು. ಟೀವಿ ಕುಸ್ತಿ ಆಡ್ತಿದ್ವಿ. ಮೇಲಿಂದ ಅವನ ಮೇಲೆ ಹಾರ್ದೆ. ಪಕ್ಕಕ್ಕೆ ಉರುಳ್ಬೇಕು ಅಂತ ಮಾತಾಗಿತ್ತು, ಅವನು ಉರುಳೋದು ತಡ ಆಯ್ತು. ಹೆದರ್ಕೊಂಡು ಸುಳ್ಳು ಹೇಳ್ದೆ.”

ಷಡಕ್ಷರಪ್ಪ ನಿಧಾನಕ್ಕೆ ಬಾಗಿಲ ಕಡೆ ತಿರುಗಿದರು. “ಏನೋ ಇದು?”

“ಹೌದಪ್ಪ” ಎಂದ ಉಮೇಶ, ನೆಲ ನೋಡುತ್ತ.

“ನೀನೂ ಹೇಳ್ಲಿಲ್ವಲ್ಲೋ.”

“ಆಗ ನಿಮ್ ಏಟಿಗೆ ಹೆದರ್ದೆ. ಆಮೇಲೆ... ಆಮೇಲೆ ನೀವು ನನ್ನ ಒಂದ್ ಮಾತೂ ಬಯ್ದೆ ಚೆನ್ನಾಗ್ ನೋಡ್ಕಂಡ್ರಿ. ಹೇಳಕ್ಕಾಗ್ಲಿಲ್ಲ.”

ಶಿಲ್ಪಾ ಗಂಡನನ್ನು ನೋಡುತ್ತಿದ್ದಳು. ಹದಿನಾಲ್ಕು ವರ್ಷದಲ್ಲಿ ಹಾಗೆ ನೋಡಿರಲಿಲ್ಲ. “ಅಮ್ಮ ಅಷ್ಟೆಲ್ಲ ಅನ್ನೋವಾಗ ನೀವು ಅಲ್ಲೇ ಇದ್ರಿ” ಎಂದಳು. “ಪಕ್ಕದಲ್ಲೇ ಇದ್ರಿ ಕಣ್ರೀ.”

ಅವನು ರಿಮೋಟನ್ನು ಚಾಪೆಯ ಮೇಲಿಟ್ಟ.

“ಅದು ಇದ್ರಾಗೆ ಐತಾ?” ಷಡಕ್ಷರಪ್ಪ ಟೀವಿ ತೋರಿಸಿ ಕೇಳಿದರು.

“ಇತ್ತು. ನಾನೇ ಕತ್ತರ್ಸಿದ್ದೀನಿ. ಚೇತನನ ಹತ್ರ ಐತೆ.”

“ತರ್ಸಿ. ನಾನ್ ನೋಡ್ಬೇಕು.”

ಫೋನು ಮಾಡಿದ. ಚೇತನ ಏನೂ ಕೇಳದೆ “ಕಳಿಸ್ತೀನಿ” ಎಂದ. ಹಾರನಹಳ್ಳಿಯ ಆ ನಡುಮನೆಯಲ್ಲಿ ಸಿಗ್ನಲ್ಲು ಬಂದು ಬಂದು ಹೋಗುತ್ತದೆ. ಸಣ್ಣ ಚಕ್ರ ತಿರುಗಿತು, ನಿಂತಿತು, ತಿರುಗಿತು. ಭಾಗ್ಯ ಒಳಗೆ ಹೋಗಿ ಒಲೆ ಆರಿಸಿ ಬಂದಳು. ಹೀಗೇ ಇಪ್ಪತ್ತು ನಿಮಿಷ ಕಳೆಯಿತು. ಷಡಕ್ಷರಪ್ಪ ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸುತ್ತಲೇ ಇದ್ದರು.

ಕೊನೆಗೆ ಬಂತು. ಫೋನನ್ನು ಅವರ ಕೈಗೆ ಕೊಟ್ಟ. ಎಲ್ಲರೂ ಬಗ್ಗಿದರು. ರಾಜಶೇಖರನೂ ಬಗ್ಗಿದ, ಈ ಸಲ ಬಾಗಿಲ ಕಡೆ ತಿರುಗಲಿಲ್ಲ.

ಹಗ್ಗದ ಅಖಾಡ. ಹೆಗಲಿಗೆ ಕೆಂಪು ಟವಲ್ಲು ಕಟ್ಟಿಕೊಂಡು ಅಟ್ಟದಂಚಿನಲ್ಲಿ ನಿಂತ ಸಣಕಲು ಹುಡುಗ, ಎದೆ ತಟ್ಟಿಕೊಂಡು ಕೂಗುತ್ತಿದ್ದಾನೆ. ಕೆಳಗೆ ಗೋಣಿಯ ಮೇಲೆ ಉಮೇಶ ಬಿದ್ದಿದ್ದಾನೆ. ಅವನ ಕಾಲಿಗೆ ಕೆಳಗಿನ ಹಗ್ಗ ತೊಡರಿಕೊಂಡಿದೆ. ಕಾಲು ಒದರುತ್ತಾನೆ, ಹಗ್ಗ ಬಿಡುವುದಿಲ್ಲ. ಆಗ ಎಡಗೈಯನ್ನು ಮೇಲೆತ್ತುತ್ತಾನೆ, ಅಂಗೈ ಹೊರಗೆ ಮಾಡಿ, ತಾಳು ಎನ್ನುವ ಹಾಗೆ. ಅಟ್ಟದ ಮೇಲಿನ ಹುಡುಗ ಕೂಗುವುದನ್ನು ನಿಲ್ಲಿಸಿ ಕೆಳಗೆ ನೋಡುತ್ತಾನೆ. ಒಂದು ಕ್ಷಣ. ಕ್ಯಾಮೆರಾ ಇರುವ ಕಡೆ ನೋಡುತ್ತಾನೆ. ಜಿಗಿಯುತ್ತಾನೆ.

ಷಡಕ್ಷರಪ್ಪ ಅಷ್ಟನ್ನೇ ಇನ್ನೊಂದು ಸಲ ಹಾಕಿಸಿಕೊಂಡು ನೋಡಿದರು. ಆಮೇಲೆ ತಲೆಯೆತ್ತಿದರು.

“ಕೈ ಎತ್ತಿದ್ನಲ್ಲ ಅಳಿಯಂದ್ರೇ. ನಿಮಗೆ ಕಾಣ್ಲಿಲ್ವಾ?”

ಉಮೇಶ ನಡುವೆ ಬಾಯಿ ಹಾಕಿದ. “ಅಷ್ಟೆತ್ತರದಿಂದ ಎಲ್ಲಿ ಕಾಣ್ತದಪ್ಪ, ಕತ್ಲೆ ಬೇರೆ...”

ಅದು ಸಿಕ್ಕ ಕೊನೆಯ ಸಂದು. ನುಸುಳಿಕೊಂಡು ಹೋಗಬಹುದಿತ್ತು. ಮುದುಕರು ನಂಬಲೂ ಸಿದ್ಧರಿದ್ದರು, ಅದು ಅವರ ಮುಖದಲ್ಲೇ ಇತ್ತು.

“ಕಂಡಿತ್ತು ಮಾವ” ಎಂದ ರಾಜಶೇಖರ. “ಕ್ಯಾಮೆರಾ ಓಡ್ತಿತ್ತು. ನಿಲ್ಲಕ್ಕೆ ಮನಸ್ಸಾಗ್ಲಿಲ್ಲ.”

ಷಡಕ್ಷರಪ್ಪ ಫೋನನ್ನು ಮೆಲ್ಲಗೆ ಚಾಪೆಯ ಮೇಲಿಟ್ಟರು. ಗೋಡೆಯ ಫೋಟೊದ ಕಡೆ ನೋಡಿ, “ಇವಳಿಗ್ ಹೇಳ್ಬೇಕಿತ್ತು” ಎಂದರು, ಅಷ್ಟೇ.

ಶಿಲ್ಪಾ ಎದ್ದಳು. “ನಾನು ಒಂದಷ್ಟು ದಿನ ಇಲ್ಲೇ ಇರ್ತೀನಿ. ನೀವು ಹೊರಡಿ.”

ಅವನು ಬೈಕಿನ ಕೀಲಿ ಹುಡುಕುತ್ತ ಎದ್ದ. ಪಡಸಾಲೆ ದಾಟುವಷ್ಟರಲ್ಲಿ ಹಿಂದಿನಿಂದ ಮುದುಕರ ದನಿ ಬಂತು. ಅದರಲ್ಲಿ ಪ್ರೀತಿ ಇರಲಿಲ್ಲ, ಸಿಟ್ಟಿದೆಯೋ ಇಲ್ಲವೋ ತಿಳಿಯುವಂತಿರಲಿಲ್ಲ.

“ಭಾಗ್ಯಾ, ಎಲೆ ಹಾಕಮ್ಮ. ಉಣ್ಣೋ ಹೊತ್ನಲ್ಲಿ ಹಂಗೇ ಕಳ್ಸಬಾರ್ದು.”

ರಾಜಶೇಖರ ಹಿಂದಿರುಗಿ ಕೂತ. ಎದುರಿನ ಎಲೆಗೆ ಷಡಕ್ಷರಪ್ಪ ಬಂದು ಕೂತರು, ಮಂಡಿ ಮಡಿಸಲಾಗದೆ ಒಂದು ಕಾಲು ಚಾಚಿ. ಬಡಿಸಲು ಶಿಲ್ಪಾ ಬರಲಿಲ್ಲ, ಉಮೇಶ ಬಂದ. ಮುದುಕರು ಮುದ್ದೆ ಮುರಿದು ಸಾರಿಗೆ ಅದ್ದುವ ತನಕ ಅವನು ಕೈ ಹಾಕದೆ ಕಾದ. ಅವರು ಮೊದಲ ತುತ್ತು ನುಂಗಿದ ಮೇಲೆ ತಾನೂ ತಲೆ ತಗ್ಗಿಸಿ ಉಣ್ಣತೊಡಗಿದ.